ಸುರತ್ಕಲ್, ಉಡುಪಿ ಕಡೆಯಿಂದ ಮಂಗಳೂರು ಏರ್‌ಪೋರ್ಟ್‌ಗೆ ಬಸ್‌ನಲ್ಲಿ ಹೋಗುವುದು ಯಾಕೆ ಇಷ್ಟು ಕಷ್ಟ? ಏನು ಮಾಡಬಹುದು?

ಇಲ್ಲಿ ಬಸ್ ಕಮ್ಮಿ ಅಂತಲ್ಲ, ಅವು ಓಡುವ ದಾರಿಯೇ ಸಮಸ್ಯೆ. ಸಿಟಿ ಬಸ್‌ಗಳಲ್ಲಿ ಹೆಚ್ಚಿನವು ಖಾಸಗಿಯವರದು, ಹೊರಡುವುದೂ ಪೇಟೆಯ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದಲೇ. ಹಾಗಾಗಿ ಉತ್ತರದಿಂದ ಬರುವವರು ಪೇಟೆಗೆ ಬಂದು, ಬಸ್ ಬದಲಿಸಿ, ಮತ್ತೆ ಉತ್ತರಕ್ಕೇ ಹೋಗುತ್ತಾರೆ. ತಮಾಷೆ ಅಲ್ವಾ?

ಏರ್‌ಪೋರ್ಟ್ ಕಡೆ ಹೋಗುವ ಬಜ್ಪೆ ಬಸ್ ಕಾವೂರು, ಮರವೂರು ಸೇತುವೆ ದಾಟಿ ಕೆಂಜಾರಿನಲ್ಲಿ ಇಳಿಸುತ್ತದೆ. ಟರ್ಮಿನಲ್ ಇರುವುದು ಗುಡ್ಡದ ಮೇಲೆ. ಆಟಿ ತಿಂಗಳ ಮಳೆಯಲ್ಲಿ ಸೂಟ್‌ಕೇಸ್ ಎಳೆದುಕೊಂಡು ಆ ಏರು ಹತ್ತಿದವರು ಮುಂದಿನ ಸಲ ಸುಮ್ನೆ ಟ್ಯಾಕ್ಸಿ ಹಿಡಿಯುತ್ತಾರೆ.

ನನ್ನ ಪ್ರಕಾರ ದೊಡ್ಡ ಎಸಿ ಬಸ್ ಬೇಡ. ಸಣ್ಣ ಬಸ್ ಸಾಕು, ಆದರೆ ಅರ್ಧ ಗಂಟೆಗೊಂದು ಗ್ಯಾರಂಟಿ ಇರಬೇಕು. ಒಂದು ದಾರಿ ಕೂಳೂರಿನಿಂದ ಕಾವೂರು ಮೂಲಕ: ಹೆದ್ದಾರಿ 66ರಲ್ಲಿ ಉಡುಪಿಯಿಂದ ಬರುವವರು ಕೂಳೂರಿನಲ್ಲೇ ಇಳಿದು ಹತ್ತಬಹುದು. ಇನ್ನೊಂದು ಮಂಗಳೂರು ಜಂಕ್ಷನ್ ರೈಲು ನಿಲ್ದಾಣದಿಂದ ನಂತೂರು, ಕೆಪಿಟಿ, ಕುಂಟಿಕಾನ ಮೂಲಕ. ಎರಡೂ ಟರ್ಮಿನಲ್ ಬಾಗಿಲವರೆಗೆ ಹೋಗಬೇಕು, ಇದೇ ಮುಖ್ಯ.

ಖಾಲಿ ಬಸ್ ಓಡಿಸಲು ಖಾಸಗಿ ಮಾಲೀಕರಿಗೆ ಮನಸ್ಸಿಲ್ಲ, ಅವರ ಲೆಕ್ಕ ದಿನದ ಕಲೆಕ್ಷನ್ ಮೇಲೆ. ಅದು ತಪ್ಪೂ ಅಲ್ಲ. ಸರ್ಕಾರ ಕಿಲೋಮೀಟರ್ ಲೆಕ್ಕದಲ್ಲಿ ದುಡ್ಡು ಕೊಟ್ಟರೆ ಟೈಮಿಗೆ ಓಡಿಸುತ್ತಾರೆ. ಸರ್ಕಾರಿ ಬಸ್ ಆದರೆ ಮಹಿಳೆಯರಿಗೆ 2023ರಲ್ಲಿ ಬಂದ ಶಕ್ತಿ ಯೋಜನೆಯೂ ಸಿಗಬಹುದು. ಏರ್‌ಪೋರ್ಟ್‌ನಲ್ಲಿ ಕೆಲಸ ಮಾಡುವ ಹೆಂಗಸರಿಗೆ ಅದು ಜಾಸ್ತಿ ಉಪಯೋಗ.