ಪ್ರತಿಕ್ರಿಯೆ: ಸೈಕಲ್ ಪಥಕ್ಕೆ ಬಿಳಿ ಗೆರೆ ಸಾಕೇ?

ಹಾಸನದ ವಿದ್ಯಾನಗರ, ಕೆ.ಆರ್.ಪುರಂ ಕಡೆಯಿಂದ ಬಸ್‌ಸ್ಟ್ಯಾಂಡಿಗೆ ರಸ್ತೆಯಂಚಲ್ಲಿ ಒಂದು ಮೀಟರ್ ಬಿಟ್ಟು ಗೆರೆ ಎಳೆದರೆ ಸಾಕೇ ಎಂದಿದ್ದೀರಿ. ಸಾಲದು ಸಾರ್, ಮರುದಿನವೇ ಅದು ಪಾರ್ಕಿಂಗ್ ಜಾಗ.

ಸಾಲಗಾಮೆ ರಸ್ತೆ, ಬಿ.ಎಂ. ರಸ್ತೆಯಂಥ ಕಡೆ ಒಮ್ಮುಖ ಪಥಕ್ಕೆ 2 ಮೀಟರ್ ಬೇಕು, ಅಂಚಿಗೆ ಕಲ್ಲಿನ ಕಟ್ಟೆ ಬೇಕು. ಪ್ಲಾಸ್ಟಿಕ್ ಕಂಬ ನಂಬಬೇಡಿ; 2020ರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ನೆಟ್ಟವು ಉಳಿಯಲಿಲ್ಲ. ಪಥ ಫುಟ್‌ಪಾತಿಗೂ ನಿಂತ ಕಾರುಗಳಿಗೂ ನಡುವೆ ಇರಲಿ, ಕಾರಿನ ಬಾಗಿಲು ತೆರೆಯಲು ಇನ್ನೂ 75 ಸೆಂ.ಮೀ. ಬಿಡಿ. ಪಥದ ಬಾಯಲ್ಲಿ ಕಬ್ಬಿಣದ ಕಂಬಗಳ ನಡುವೆ 1.2 ಮೀಟರ್ ಸಾಕು: ಆಟೊ ಸುಮಾರು 1.3 ಮೀಟರ್ ಅಗಲ, ನುಗ್ಗಲಾರದು. ಬೈಕ್ ನುಗ್ಗುತ್ತದೆ, ಅದಕ್ಕೆ ಪೊಲೀಸರೇ ಗತಿ.

ನಿಜವಾಗಿ ಬೀಳಿಸುವುದು ಚರಂಡಿ ಜಾಲರಿ. ಸರಳುಗಳು ಸಾಗುವ ದಿಕ್ಕಿಗೇ ಇದ್ದರೆ ಸಣ್ಣ ಟಯರು ಸಿಕ್ಕಿ ಸವಾರ ಹ್ಯಾಂಡಲ್ ಮೇಲಿಂದ ಮುಂದಕ್ಕೆ ಹಾರುತ್ತಾನೆ. ಅಡ್ಡಡ್ಡ ಕೂರಿಸಿ, ಡಾಂಬರಿನ ಮಟ್ಟಕ್ಕೇ. ಇಡೀ ಪಥಕ್ಕೆ ಹಸಿರು ಬಣ್ಣ ಬಳಿಯುವುದೂ ಬೇಡ, ಮಳೆಗೆ ಜಾರುತ್ತದೆ. ಅಡ್ಡರಸ್ತೆ ದಾಟುವಲ್ಲಿ ಮಾತ್ರ ಒರಟು ಲೇಪನ ಸಾಕು.

ಬಡಾವಣೆಯ ಒಳರಸ್ತೆಗಳಿಗೆ ಪ್ರತ್ಯೇಕ ಪಥವೇ ಬೇಕಿಲ್ಲ. ವಾಹನ ಸಾಗುವ ದಿಕ್ಕಿಗೆ 3.7 ಮೀಟರ್ ಉದ್ದ, 10 ಸೆಂ.ಮೀ. ಎತ್ತರದ ಹಂಪ್ ಹಾಕಿ ವಾಹನಗಳ ವೇಗ ಇಳಿಸಿ. ದುಡ್ಡೆಲ್ಲ ದೊಡ್ಡ ಸರ್ಕಲ್‌ಗಳಿಗೆ ಇಡಿ. ಪಥಗಳು ತುಂಡಾಗುವುದು ಅಲ್ಲೇ.