ಆಲ್ಬಂ ಬಂದ ಮೇಲೆ ಮಾತು ನಿಲ್ಲಿಸಿದ ಹುಡುಗ

ಬರಿಯೋಕೆ ಅವನ ಒಪ್ಪಿಗೆ ಇದೆ, ಗುರುತು ಸಿಗೋ ವಿವರ ಎಲ್ಲ ಬದಲಾಯ್ಸಿದೀನಿ, ಹೆಸರೂ ಬೇಡ, ಹುಡುಗ ಅಂತಲೇ ಇರ್ಲಿ. ವಯಸ್ಸು ಇಪ್ಪತ್ತರ ಆಸುಪಾಸು. ನಾನು ಆಪ್ತ ಸಲಹೆಗಾರ್ತಿ, ನನ್ನ ಹತ್ರ ಕರ್ಕೊಂಡು ಬಂದಿದ್ದು ಅವನ ಅಕ್ಕ. "ಮೇಡಂ, ಎರಡು ವರ್ಷ ರೂಮಲ್ಲೇ ಕೂತು ಆಲ್ಬಂ ಮಾಡ್ದ, ತಾನೇ ರಿಲೀಸೂ ಮಾಡ್ದ, ಆವಾಗಿಂದ ಸರಿಯಾಗಿ ಮಾತಿಲ್ಲ ನಿದ್ದೆ ಇಲ್ಲ, ಫೋನ್ ನೋಡ್ಕೊಂಡು ಕೂತಿರ್ತಾನೆ" ಅಂದ್ರು.

ಆರ್ಕೆಸ್ಟ್ರಲ್ ಪಾಪ್ ಅಂತೆ. ಹಾಡು ಪಾಪೇ, ಆದ್ರೆ ಅದರ ಹಿಂದೆ ಪಿಟೀಲು, ಚೆಲ್ಲೋ, ಹಾರ್ನ್, ಓಬೋ (ಊದೋ ವಾದ್ಯ) ಅಂತ ದೊಡ್ಡ ಮೇಳ. ಹತ್ತಾರು ಜನ ಕೂತು ನುಡಿಸೋದನ್ನ ಇವನು ಒಂದು ಕೀಬೋರ್ಡು, ಸ್ಯಾಂಪಲ್ ಲೈಬ್ರರಿ (ನಿಜವಾದ ವಾದ್ಯಗಳ ಸ್ವರ ಮೊದಲೇ ರೆಕಾರ್ಡ್ ಮಾಡಿಟ್ಟ ಸಂಗ್ರಹ) ಇಟ್ಕೊಂಡು ಒಬ್ನೇ ಮಾಡಿದ್ದ. ಪಿಟೀಲಿನ ಒಂದು ಸಾಲು ಮನುಷ್ಯರು ನುಡಿಸಿದ ಹಾಗೆ ಕೇಳ್ಬೇಕು ಅಂದ್ರೆ ಒಂದೊಂದು ಸ್ವರದ ಜೋರು, ಅದರ ಕಂಪನ, ಅದು ಶುರುವಾಗೋ ಗಳಿಗೆ ಎಲ್ಲ ಕೈಯಾರೆ ತಿದ್ಬೇಕಂತೆ, ಎಲ್ಲಾ ಒಂದೇ ಸಮ ಬಿದ್ರೆ ಮಷೀನು ಅಂತ ಗೊತ್ತಾಗ್ಬಿಡತ್ತೆ. ಅರೇಂಜ್‌ಮೆಂಟು, ಮಿಕ್ಸು, ಮಾಸ್ಟರಿಂಗು, ಕವರ್ ಚಿತ್ರ, ಅಪ್‌ಲೋಡು ಎಲ್ಲ ಇವನೇ. ರಿಲೀಸ್ ಆಗೋವರೆಗೂ ಒಬ್ರಿಗೂ ಕೇಳಿಸಿಲ್ಲ. ಈ ಕೊನೇ ಮಾತನ್ನ ಅವನು ಹೆಮ್ಮೆಯಿಂದ ಹೇಳ್ದ, ನಾನು ನೋಟ್ಸಲ್ಲಿ ಅದರ ಕೆಳಗೆ ಎರಡು ಗೆರೆ ಎಳ್ಕೊಂಡೆ.

ಮೊದಲ್ನೇ ಸಲ ನಾನೊಂದು ತಪ್ಪು ಮಾಡ್ದೆ. ಸಲಿಗೆ ಬೆಳೀಲಿ ಅಂತ "ಒಂದು ಹಾಡು ಕೇಳ್ಸಿ ನೋಡೋಣ" ಅಂದ್ಬಿಟ್ಟೆ. ಹಾಡು ಮುಗಿಯೋವರೆಗೂ ಅವನು ನನ್ನ ಮುಖಾನೇ ನೋಡ್ತಿದ್ದ. ಸಲಹೆಗಾರ್ತಿ ಹೋಗಿ ಇನ್ನೊಬ್ಬ ಜಡ್ಜ್ ಕೂತ ಹಾಗಾಯ್ತು. ಚೆನ್ನಾಗಿದೆ ಅಂದೆ, ನಂಬಲಿಲ್ಲ. ನಂಬೋಕೆ ಕಾರಣಾನೂ ಇರ್ಲಿಲ್ಲ ಬಿಡಿ, ನಂಗೆ ಓಬೋಗೂ ಕ್ಲಾರಿನೆಟ್‌ಗೂ ವ್ಯತ್ಯಾಸ ಗೊತ್ತಾಗಲ್ಲ.

ಅವನ ತಲೇಲಿ ಕೂತಿದ್ದು ಒಂದು ನಂಬರ್. ಹಾಡು ಕೇಳೋ ಆ್ಯಪ್ ಸ್ಪಾಟಿಫೈನಲ್ಲಿ 2024ರಿಂದ ಒಂದು ರೂಲ್ ಇದೆ, ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಪ್ಲೇ ಆಗದ ಹಾಡಿಗೆ ರೆಕಾರ್ಡಿಂಗ್ ರಾಯಲ್ಟಿ ಲೆಕ್ಕಕ್ಕೇ ಬರಲ್ಲ. ಇವನ ಯಾವ ಹಾಡೂ ಅದರ ಹತ್ರ ಹೋಗಿರ್ಲಿಲ್ಲ. "ಮೇಡಂ, ನಾನು ಲೆಕ್ಕಕ್ಕೇ ಇಲ್ಲ" ಅಂದ. ಹಾಡು ಲೆಕ್ಕಕ್ಕಿಲ್ಲ ಅನ್ನೋದು ಯಾವಾಗ "ನಾನು" ಆಯ್ತು ಅಂತ ಕೇಳ್ದೆ, ಉತ್ತರ ಬರ್ಲಿಲ್ಲ.

ಎರಡ್ನೇ ಸಲ ಬಂದಾಗ ನಿಕ್ ಡ್ರೇಕ್ ಹೆಸರು ತಂದ. ಇಂಗ್ಲೆಂಡಿನ ಹಾಡುಗಾರ, ಮೂರು ಆಲ್ಬಂ ಮಾಡ್ದ, ಬದುಕಿದ್ದಾಗ ಹೆಚ್ಚು ಜನ ಕೊಳ್ಳಲಿಲ್ಲ, 1974ರಲ್ಲಿ 26ನೇ ವಯಸ್ಸಿಗೆ ತೀರ್ಕೊಂಡ, ಹೆಸರು ಬಂದಿದ್ದೆಲ್ಲ ಆಮೇಲೆ. "ನನ್ನ ಹಾಡೂ ಆಮೇಲೆ ಕೇಳ್ತಾರೇನೋ" ಅಂತ ನಕ್ಕ. ಆ ನಗು ನಂಗೆ ಹಿಡಿಸ್ಲಿಲ್ಲ, ನೇರ ಕೇಳ್ದೆ, ಸಾಯೋ ಯೋಚನೆ ಬರ್ತಿದ್ಯಾ ಅಂತ. ಹಾಗೆ ಕೇಳಿದ್ರೆ ಇಲ್ಲದ ಯೋಚನೆ ನಾವೇ ತುಂಬಿದ ಹಾಗೆ ಅಂತ ತುಂಬಾ ಜನ ಹೆದರ್ತಾರೆ, ಹಾಗಾಗಲ್ಲ, ಎಷ್ಟೋ ಜನಕ್ಕೆ ಕೇಳಿದ್ರಲ್ಲ ಅಂತ ಹಗುರ ಆಗತ್ತೆ. "ಸಾಯ್ಬೇಕು ಅಂತಿಲ್ಲ, ಬೆಳಗ್ಗೆ ಎಚ್ಚರ ಆಗದಿದ್ರೆ ಸಾಕು ಅನ್ಸತ್ತೆ" ಅಂದ. ಇದನ್ನ ಹಗುರವಾಗಿ ತಗೊಳ್ಳೋ ಹಾಗಿಲ್ಲ. ಅದೇ ವಾರ ಮನೋವೈದ್ಯರ ಹತ್ರ ಕಳಿಸ್ದೆ, ಅವನನ್ನ ಕೇಳ್ಕೊಂಡೇ ಅಕ್ಕಂಗೂ ಹೇಳಿದ್ವಿ, ರಾತ್ರಿ ಕಷ್ಟ ಆದ್ರೆ ಯಾರನ್ನ ಎಬ್ಬಿಸ್ಬೇಕು ಅಂತ ಇಬ್ರೂ ಕೂತು ಬರೆದಿಟ್ವಿ. ಡಾಕ್ಟರು ಖಿನ್ನತೆಗೆ ಔಷಧಿ ಶುರು ಮಾಡಿದ್ರು, ನಮ್ಮ ಮಾತುಕತೆ ಜೊತೆಗೇ ನಡೀತು.

ನಿಕ್ ಡ್ರೇಕ್ ವಿಷಯ ನಾನು ಅಲ್ಲಿಗೇ ಬಿಡ್ಲಿಲ್ಲ, ಮನೆಗೆ ಹೋಗಿ ಓದ್ದೆ. 1969ರ ಮೊದಲ ಆಲ್ಬಂಗೆ ಹೆಚ್ಚಿನ ಸ್ಟ್ರಿಂಗ್ಸ್ (ಪಿಟೀಲು, ಚೆಲ್ಲೋ ಥರದ ತಂತಿ ವಾದ್ಯಗಳ ಸಾಲು) ಬರ್ಕೊಟ್ಟಿದ್ದು ರಾಬರ್ಟ್ ಕರ್ಬಿ, ಕೇಂಬ್ರಿಡ್ಜ್‌ನಲ್ಲಿ ಓದೋವಾಗಿನ ಗೆಳೆಯ. ನುಡಿಸಿದ್ದು ಬೇರೆ ಜನ, ರೆಕಾರ್ಡ್ ಮಾಡಿದ್ದು ಇನ್ನೊಬ್ರು. "ನಿಮ್ಮ ಹೀರೋ ಸ್ಟ್ರಿಂಗ್ಸ್ ಗೆಳೆಯನ ಕೈಲಿ ಬರೆಸ್ಕೊಂಡಿದಾನಲ್ಲ, ನೀವ್ಯಾಕೆ ಯಾರನ್ನೂ ಒಳಗೆ ಬಿಡ್ಲಿಲ್ಲ?" ಅಂದೆ. ತುಂಬಾ ಹೊತ್ತು ಸುಮ್ನಿದ್ದು "ಅರ್ಧಂಬರ್ಧ ಇರೋದನ್ನ ತೋರ್ಸಿದ್ರೆ ನಗ್ತಾರೆ ಅಂತ" ಅಂದ. ಚಿಕ್ಕವನಿದ್ದಾಗ ಮನೇಲಿ ಯಾರೋ ನಕ್ಕಿದ್ದ ಕಥೆ ಆವಾಗ ಹೊರಗೆ ಬಂತು, ಅದನ್ನ ಇಲ್ಲಿ ಬರಿಯಲ್ಲ.

ನಾನು ಕೊಟ್ಟ ಸಲಹೆ ದೊಡ್ಡದೇನಲ್ಲ. ಹಾಡು ಎಷ್ಟು ಸಲ ಪ್ಲೇ ಆಯ್ತು ಅನ್ನೋ ನಂಬರ್ ನೋಡೋದು ವಾರಕ್ಕೊಂದೇ ದಿನ, ಅದೂ ಹಗಲಲ್ಲಿ, ಅಕ್ಕ ಪಕ್ಕದಲ್ಲಿದ್ದಾಗ. ಪೂರ್ತಿ ಬಿಡಿ ಅಂದ್ರೆ ಯಾರೂ ಬಿಡಲ್ಲ, ಅದಕ್ಕೇ ಹಾಗೆ ಹೇಳಲ್ಲ. ನಿದ್ದೆ ಸರಿ ಹೋಗೋವರೆಗೂ ಎರಡ್ನೇ ಆಲ್ಬಂ ಮಾತು ಬೇಡ, ಇವನಾಗ್ಲೇ ಶುರು ಮಾಡ್ಬಿಟ್ಟಿದ್ದ, ಮೊದಲ್ನೇದರ ನೋವು ಮುಚ್ಚೋಕೆ. ಇನ್ನೊಂದು, ಇದಕ್ಕೆ ಅವನು ಜಗಳಾನೇ ಆಡ್ದ, ಹಳೇ ಆಲ್ಬಂನ ಒಂದೇ ಒಂದು ಹಾಡನ್ನ ಕಾಗದದ ಮೇಲೆ ಬರ್ಕೊಂಡು ನುಡಿಸೋ ಜನರ ಮುಂದೆ ಇಡ್ಬೇಕು. ಹೊಗಳಿಸ್ಕೊಳ್ಳೋಕಲ್ಲ, ಬರೀ ನುಡಿಸೋಕೆ.

ಎಂಟ್ನೇ ಸಲ ಬಂದಾಗ ಒಂದು ಶೀಟ್ ತಂದಿದ್ದ, ಮೇಲೆಲ್ಲ ಬೇರೆಯವರ ಪೆನ್ಸಿಲ್ ಗುರುತು. ಪಿಟೀಲಿನವರು ಎರಡು ಸ್ವರಕ್ಕೆ ಸುತ್ತು ಹಾಕಿ, ಎರಡೂ ಕೆಳಗಿನ ಒಂದೇ ತಂತೀಲಿ ಬರೋವು, ಒಟ್ಟಿಗೆ ಹೇಗಪ್ಪಾ ನುಡಿಸ್ಲಿ ಅಂತ ಕೇಳಿದ್ರಂತೆ. ಕೀಬೋರ್ಡಲ್ಲಿ ಎರಡು ಬೆರಳು ಇಟ್ರಾಯ್ತು, ಅದಕ್ಕೇ ಇವನಿಗೆ ಗೊತ್ತೇ ಆಗಿಲ್ಲ. ಎಲ್ಲರೂ ನಕ್ರಾ ಅಂದೆ. "ಹೂಂ ನಕ್ರು, ನಾನೂ ನಕ್ಕೆ" ಅಂದ. ಆಮೇಲೆ ಓಬೋ ಸಾಲು ತೋರ್ಸ್ದ, ಹದಿನಾಲ್ಕು ಬಾರ್ (ತಾಳದ ಆವರ್ತ) ನಡುವೆ ಒಂದು ವಿರಾಮನೂ ಇಲ್ಲ, ನುಡಿಸೋರು ಮೇಲೆ ದೊಡ್ಡದಾಗಿ ಬರೆದಿದ್ರು, "ಉಸಿರು ಎಲ್ಲಿ ತಗೊಳ್ಳಲಿ?"

ಮೂರು ಕಡೆ ಜಾಗ ಬಿಟ್ಟು ಆ ಸಾಲನ್ನ ತಿದ್ಕೊಂಡು ಬಂದಿದ್ದ.