ಇಯುವಿ ಎಂಬ ಅತ್ಯಾಧುನಿಕ ಚಿಪ್ ಅಚ್ಚು ಯಂತ್ರ ಸಿಗದಿದ್ದರೂ ಚೀನಾ 7 ನ್ಯಾನೋಮೀಟರ್ ಚಿಪ್ ಮಾಡಿದ್ದು ಹೇಗೆ?

ಹಳೆಯ ತಲೆಮಾರಿನ ಯಂತ್ರದಲ್ಲೇ, ಒಂದು ಪದರವನ್ನು ಹಲವು ಕಂತಿನಲ್ಲಿ ಅಚ್ಚು ಹಾಕಿ. ಹಾಗಾಗಿಯೇ ಅದು ದುಬಾರಿ.

ಚಿಪ್‌ನ ಗೆರೆಗಳನ್ನು ಸಿಲಿಕಾನ್ ಬಿಲ್ಲೆಯ ಮೇಲೆ ಮೂಡಿಸುವುದು ಬೆಳಕು. ಬೆಳಕಿನ ತರಂಗಾಂತರ ಕಿರಿದಾದಷ್ಟೂ ಗೆರೆ ಸಣ್ಣ. ನೆದರ್‌ಲೆಂಡ್ಸ್‌ನ ಎಎಸ್‌ಎಂಎಲ್ ಕಂಪನಿಯ ಇಯುವಿ ಯಂತ್ರದ್ದು 13.5 ನ್ಯಾನೋಮೀಟರ್, ಅದನ್ನು ಚೀನಾಕ್ಕೆ ಕಳಿಸಲು ಅನುಮತಿ ಸಿಗಲಿಲ್ಲ. ಚೀನಾದ ಚಿಪ್ ತಯಾರಿಕಾ ಕಂಪನಿ ಎಸ್‌ಎಂಐಸಿ ಬಳಿಯಿರುವ, ಹಳೆಯ ತಲೆಮಾರಿನ ಡಿಯುವಿ ಯಂತ್ರದ್ದು 193. ಮಸೂರಕ್ಕೂ ಬಿಲ್ಲೆಗೂ ನಡುವೆ ನೀರು ನಿಲ್ಲಿಸಿ ಗೆರೆಯನ್ನು ಇನ್ನಷ್ಟು ಸಣ್ಣದಾಗಿಸಿದರೂ, ಒಂದೇ ಸಲಕ್ಕೆ ಗೆರೆಯಿಂದ ಗೆರೆಗೆ ಸುಮಾರು 80 ನ್ಯಾನೋಮೀಟರ್ ಅಂತರ ಬೇಕೇ ಬೇಕು. ಬೇಕಾದದ್ದು 40ರ ಆಸುಪಾಸು. (‘7’ ಅನ್ನುವುದು ಪೀಳಿಗೆಯ ಹೆಸರಷ್ಟೇ, ಯಾವ ಗೆರೆಯ ಅಳತೆಯೂ ಅಲ್ಲ.)

ಉಪಾಯ ಇಷ್ಟು: ಮೊದಲು ಒಂದು ಬಿಟ್ಟು ಒಂದು ಗೆರೆ ಅಚ್ಚು ಹಾಕಿ ಕೊರೆಯುವುದು, ಆಮೇಲೆ ಅಚ್ಚನ್ನು ಅರ್ಧ ಅಂತರ ಸರಿಸಿ, ನಡುವಿನ ಜಾಗದಲ್ಲಿ ಉಳಿದ ಗೆರೆ ಹಾಕುವುದು. ತೈವಾನಿನ ಚಿಪ್ ಕಂಪನಿ ಟಿಎಸ್‌ಎಂಸಿ ಕೂಡ ತನ್ನ ಮೊದಲ 7 ನ್ಯಾನೋಮೀಟರ್ ಚಿಪ್‌ಗಳನ್ನು ಇಯುವಿ ಇಲ್ಲದೆಯೇ ಮಾಡಿತ್ತು. 2023ರ ಆಗಸ್ಟ್‌ನಲ್ಲಿ ಹುವಾವೇ ಮೇಟ್ 60 ಪ್ರೊ ಫೋನಿನಲ್ಲಿ ಕಂಡದ್ದು ಎಸ್‌ಎಂಐಸಿಯ ಇಂಥದೇ ಚಿಪ್.

ಕೈಕೊಡುವುದು ಜೋಡಣೆಯಲ್ಲಿ. ಎರಡನೇ ಅಚ್ಚು ಕೆಲವೇ ನ್ಯಾನೋಮೀಟರ್ ಆಚೀಚೆ ಸರಿದರೂ ಗೆರೆಗಳು ತಾಗಿ ಶಾರ್ಟ್ ಆಗಬಹುದು. ಹಂತ ಹೆಚ್ಚಿದಂತೆ ನಷ್ಟವೂ ಗುಣಿಸುತ್ತಾ ಹೋಗುತ್ತದೆ: ಲೆಕ್ಕಕ್ಕೆ, ಪ್ರತಿ ಹಂತ ಶೇ. 99 ಸರಿ ಬಂದರೂ 50 ಹಂತ ದಾಟುವಷ್ಟರಲ್ಲಿ ಉಳಿಯುವುದು ಶೇ. 60. ಈ ಡಿಯುವಿ ಯಂತ್ರಗಳು ಕೂಡ ಆಮದೇ. ಬಿಡಿಭಾಗ, ರಿಪೇರಿಗೆ ಮತ್ತೆ ಹೊರಗಿನವರ ಬಾಗಿಲಿಗೇ ಹೋಗಬೇಕು.